ನಾಸಿಕಾ ಪುನರ್ರಚನೆ: ಕಸಿ ಮತ್ತು ಇಂಪ್ಲಾಂಟ್ ದ್ರವ್ಯಗಳ ಆಯ್ಕೆ

ಪೆಟ್ಟಿನಿಂದಲೋ ವ್ಯಾಧಿಯಿಂದಲೋ, ಹುಟ್ಟಿನೊಡನೆ ಬಂದ ನ್ಯೂನತೆಯಿಂದಲೋ, ಹಿಂದೊಮ್ಮೆ ನಡೆದ ಶಸ್ತ್ರಕ್ರಿಯೆಯ ಪರಿಣಾಮವಾಗಿಯೋ ಆಕಾರಗೆಟ್ಟ ಮೂಗಿಗೆ ಮರಳಿ ರೂಪವನ್ನೂ ಉಸಿರಾಟದ ಸೌಕರ್ಯವನ್ನೂ ಒದಗಿಸುವ ಶಸ್ತ್ರಚಿಕಿತ್ಸೆಯನ್ನು ನಾಸಿಕಾ ಪುನರ್ರಚನೆ ಎಂದು ಕರೆಯುತ್ತಾರೆ. ಈ ಚಿಕಿತ್ಸೆಯಲ್ಲಿ ಕುಸಿದ ಭಾಗವನ್ನು ಎತ್ತಿ ನಿಲ್ಲಿಸಲು ಒಳಗೊಂದು ಆಸರೆ ಬೇಕಾಗುತ್ತದೆ. ಆ ಆಸರೆಯನ್ನು ರೋಗಿಯ ಮೈಯಿಂದಲೇ ತೆಗೆದಿದ್ದರೆ ಅದು ಕಸಿ. ಕಾರ್ಖಾನೆಯಲ್ಲಿ ತಯಾರಾದ ಸಿಲಿಕೋನ್ ಮೊದಲಾದ ವಸ್ತುವಾಗಿದ್ದರೆ ಇಂಪ್ಲಾಂಟ್. ಮೃತ ದಾನಿಯ ಪಕ್ಕೆಲುಬಿನಿಂದ ತೆಗೆದು ಸಂಸ್ಕರಿಸಿದ ಮೃದ್ವಸ್ಥಿ, ಎಂದರೆ ಮೆದು ಎಲುಬು, ಇವೆರಡರ ನಡುವೆ ನಿಲ್ಲುತ್ತದೆ. ಇವುಗಳಲ್ಲಿ ಯಾವುದು ಉತ್ತಮವೆಂಬ ಪ್ರಶ್ನೆಗೆ ದ್ರವ್ಯದ ಗುಣಾವಗುಣಗಳನ್ನು ಮಾತ್ರ ತೂಗಿನೋಡಿ ಉತ್ತರ ಹೇಳುವುದು ಸಾಧ್ಯವಿಲ್ಲ. ಆ ದ್ರವ್ಯವನ್ನು ಇರಿಸುವ ನೆಲೆ, ಅಂದರೆ ಮೇಲಿನ ಚರ್ಮ, ಒಳಗಿನ ಪೊರೆ ಮತ್ತು ಇವೆರಡರಲ್ಲಿ ಹರಿಯುವ ರಕ್ತ, ಎಂತಹ ಸ್ಥಿತಿಯಲ್ಲಿದೆಯೆಂಬುದೇ ಮೊದಲು ನಿರ್ಣಯವಾಗಬೇಕಾದ ವಿಷಯ. ಈ ಶಸ್ತ್ರಕ್ರಿಯೆಯ ಇತಿಹಾಸದುದ್ದಕ್ಕೂ ಸೋಲುಗಳು ಬಹುಪಾಲು ನೆಲೆಯನ್ನು ಮರೆತು ದ್ರವ್ಯವನ್ನು ನಂಬಿದ್ದರಿಂದಲೇ ಬಂದಿವೆ.

ಮೂಗನ್ನು ಕಟ್ಟುವ ವಿದ್ಯೆ ಭಾರತದಲ್ಲಿ ಬೆಳೆದುದಕ್ಕೆ ಮೂಗನ್ನು ಕೊಯ್ಯುವ ಕ್ರೌರ್ಯವೂ ಒಂದು ಕಾರಣವಾಗಿತ್ತೆಂಬುದು ದುಃಖದ ಸಂಗತಿ. ಕನ್ನಡನಾಡಿನ ಚರಿತ್ರೆಗೆ ಈ ಕ್ರೌರ್ಯ ಅಪರಿಚಿತವಲ್ಲ: 17ನೆಯ ಶತಮಾನದ ಮಧ್ಯಭಾಗದಲ್ಲಿ ಮೈಸೂರಿನ ಕಂಠೀರವ ನರಸರಾಜ ಒಡೆಯರ ಸೈನ್ಯಕ್ಕೂ ಮಧುರೆಯ ತಿರುಮಲ ನಾಯಕನ ಸೈನ್ಯಕ್ಕೂ ನಡೆದ ಕಾಳಗ ಮೂಗು ಕೊಯ್ಯುವ ಯುದ್ಧವೆಂದೇ ಹೆಸರಾಗಿದೆ. ಮುಂದೆ 18ನೆಯ ಶತಮಾನದ ಕೊನೆಯಲ್ಲಿ ಮೈಸೂರು, ಮರಾಠಾ ಮತ್ತು ಆಂಗ್ಲ ಸೈನ್ಯಗಳು ಮಲಪ್ರಭಾ ನದಿಯ ಸೀಮೆಯನ್ನು ತುಳಿದಾಡಿದವು. 1785ರಲ್ಲಿ ನರಗುಂದ ಮತ್ತು ಕಿತ್ತೂರುಗಳು ಟೀಪುವಿನ ವಶವಾದವು. 1790ರಿಂದ 1791ರವರೆಗೆ ಮರಾಠಾ ಸೇನಾನಿ ಪರಶುರಾಮ ಭಾವು ಪಟವರ್ಧನನ ಸೈನ್ಯವೂ ಮುಂಬಯಿಯಿಂದ ಬಂದ ಆಂಗ್ಲರ ತುಕಡಿಯೂ ಧಾರವಾಡದ ಕೋಟೆಗೆ ಮುತ್ತಿಗೆ ಹಾಕಿ ಕುಳಿತವು. ಈ ಸೈನ್ಯಗಳ ಬೆನ್ನಹಿಂದೆ ದವಸಧಾನ್ಯ ಮದ್ದುಗುಂಡುಗಳನ್ನು ಹೇರಿಕೊಂಡ ಎತ್ತುಗಳ ಸಾಲು ಸಾಗುತ್ತಿತ್ತು. ಆ ಎತ್ತುಗಳನ್ನು ಹೊಡೆಯುವವರು ಆಯುಧ ಹಿಡಿದವರಲ್ಲದಿದ್ದರೂ ಶತ್ರುವಿನ ಕೈಗೆ ಮೊದಲು ಸಿಕ್ಕುವವರು ಅವರೇ.

ಅಂಥವರಲ್ಲೊಬ್ಬನಾದ ಕಾವಸಜಿ ಎಂಬಾತ 1792ರ ಯುದ್ಧದಲ್ಲಿ ಆಂಗ್ಲ ಸೈನ್ಯದ ಎತ್ತುಗಳನ್ನು ನಡೆಸುತ್ತಿದ್ದಾಗ ಟೀಪುವಿನ ಸೆರೆಯಾಗಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಸುಮಾರು ಒಂದು ವರ್ಷ ಮೂಗಿಲ್ಲದೆಯೇ ಬಾಳಿದ ಆತನಿಗೆ ಪುಣೆಯ ಸಮೀಪದಲ್ಲಿ ಇಟ್ಟಿಗೆ ಮಾಡುವ ಕುಲಕ್ಕೆ ಸೇರಿದ ವೈದ್ಯನೊಬ್ಬ ಹೊಸ ಮೂಗನ್ನು ಕಟ್ಟಿಕೊಟ್ಟ ವೃತ್ತಾಂತ 1794ರ ಅಕ್ಟೋಬರ್ ತಿಂಗಳ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಎಂಬ ಲಂಡನ್ನಿನ ಪತ್ರಿಕೆಯಲ್ಲಿ ಚಿತ್ರಸಮೇತ ಪ್ರಕಟವಾಯಿತು. ಆ ವೈದ್ಯ ಬಳಸಿದ ಸಾಮಗ್ರಿಗಳನ್ನು ಗಮನಿಸಿದರೆ ದ್ರವ್ಯವಿವೇಕವೆಂಬುದು ಎಷ್ಟು ಹಳೆಯದೆಂಬುದು ತಿಳಿಯುತ್ತದೆ. ತೆಳುವಾದ ಮೇಣದ ಹಾಳೆಯನ್ನು ಮೂಗಿನ ಮೋಟಿನ ಮೇಲೆ ಒತ್ತಿ ಬೇಕಾದ ಆಕಾರವನ್ನು ಪಡೆದು, ಅದನ್ನು ಮತ್ತೆ ಚಪ್ಪಟೆಯಾಗಿಸಿ ಹಣೆಯ ಮೇಲಿಟ್ಟು ಅದರ ಅಂಚಿನ ಗುಂಟ ಗೆರೆಯೆಳೆದನು. ಆ ಗೆರೆಯೊಳಗಿನ ಹಣೆಯ ಚರ್ಮವನ್ನು ಕಣ್ಣುಗಳ ನಡುವೆ ಒಂದು ಸಣ್ಣ ಪಟ್ಟಿಯಷ್ಟು ಉಳಿಸಿ ಬಿಡಿಸಿ, ತಿರುಗಿಸಿ ಮೂಗಿನ ಮೇಲೆ ಕೂರಿಸಿದನು. ನೀರಿನಲ್ಲಿ ಮೆತ್ತಗಾಗಿಸಿದ ಕಾಚನ್ನು ಬಟ್ಟೆಯ ಪಟ್ಟಿಗಳಿಗೆ ಸವರಿ ಐದಾರು ಪದರವಾಗಿ ಹೊದಿಸಿ ನಾಲ್ಕು ದಿನ ಬಿಟ್ಟು, ಬಳಿಕ ತುಪ್ಪದಲ್ಲಿ ಅದ್ದಿದ ಬಟ್ಟೆಯನ್ನು ಕಟ್ಟಿದನು; ಹತ್ತನೆಯ ದಿನದ ಸುಮಾರಿಗೆ ಹೊಳ್ಳೆಗಳು ಮುಚ್ಚಿಹೋಗದಂತೆ ಮೆತ್ತನೆಯ ಬಟ್ಟೆಯ ಬತ್ತಿಗಳನ್ನು ಇರಿಸಿದನು; ಇಪ್ಪತ್ತೈದನೆಯ ದಿನದ ಸುಮಾರಿಗೆ ನಡುವಿನ ಚರ್ಮದ ಪಟ್ಟಿಯನ್ನು ಕತ್ತರಿಸಿದನು. ಆ ಪಟ್ಟಿ ಅಷ್ಟು ದಿನ ಹೊಸ ಮೂಗಿಗೆ ರಕ್ತವನ್ನು ಒಯ್ಯುವ ಕಾಲುವೆಯಾಗಿತ್ತು. ಹೊಸ ನೆಲೆಯಿಂದಲೇ ರಕ್ತ ದೊರೆಯುವ ಮುನ್ನ ಅದನ್ನು ಕಡಿದಿದ್ದರೆ ಚರ್ಮವೆಲ್ಲ ಕೊಳೆತು ಹೋಗುತ್ತಿತ್ತು. ಅಕ್ಷರಬಲ್ಲ ಪಂಡಿತರ ಮನ್ನಣೆಗೆ ದೂರವಾಗಿದ್ದ ಈ ಕುಶಲಿಯ ಹೆಸರನ್ನು ಪತ್ರಿಕೆ ದಾಖಲಿಸದೆ ಹೋದದ್ದು ನಮ್ಮ ವೈದ್ಯ ಇತಿಹಾಸಕ್ಕೆ ಆದ ನಷ್ಟ.

ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಹೇಳಿರುವ ವಿಧಾನವೂ ಇದರ ಜಾತಿಗೇ ಸೇರಿದ್ದು. ಅಲ್ಲಿ ಮೇಣದ ಬದಲು ಎಲೆಯಿಂದ ಅಳತೆ, ಹಣೆಯ ಬದಲು ಕೆನ್ನೆಯ ಚರ್ಮ, ಹೊಳ್ಳೆಗಳಲ್ಲಿ ಎರಡು ನಾಳಗಳು, ಮೇಲೆ ಯಷ್ಟಿಮಧು ಮೊದಲಾದವುಗಳ ಚೂರ್ಣ, ಹತ್ತಿ ಮತ್ತು ಎಳ್ಳೆಣ್ಣೆ. ಪತ್ರಿಕೆಯ ವರದಿಯನ್ನು ಓದಿ ಪ್ರೇರಿತನಾದ ಲಂಡನ್ನಿನ ಜೋಸೆಫ್ ಕಾರ್ಪ್ಯೂ 1814ರಲ್ಲಿ ಈ ಶಸ್ತ್ರಕ್ರಿಯೆಯನ್ನು ಮಾಡಿ 1816ರಲ್ಲಿ ಗ್ರಂಥವನ್ನು ಹೊರತಂದ ಮೇಲೆ ಹಣೆಯ ಚರ್ಮದ ವಿಧಾನ ಯೂರೋಪಿನಲ್ಲಿ ‘ಭಾರತೀಯ ಪದ್ಧತಿ’ ಎಂದು ಪ್ರಸಿದ್ಧವಾಯಿತು. ಸೌರಾಷ್ಟ್ರದ ಜುನಾಗಢದಲ್ಲಿ ತ್ರಿಭುವನದಾಸ ಮೋತಿಚಂದ ಶಾಹ ಎಂಬ ವೈದ್ಯರು 1889ರಲ್ಲಿ ಹೀಗೆ ಮೂಗು ಕಟ್ಟಿಕೊಟ್ಟ ತಮ್ಮ ನೂರು ರೋಗಿಗಳ ವಿವರವನ್ನು ಪ್ರಕಟಿಸಿದರು.

ಹೊದಿಕೆಯಾಗಿ ಇಷ್ಟು ಚೆನ್ನಾಗಿದ್ದ ಆ ಮೂಗುಗಳಲ್ಲಿ ಎರಡು ಕೊರತೆಗಳಿದ್ದವು. ಒಳಮೈಗೆ ಪೊರೆಯಿರಲಿಲ್ಲ, ನಡುವೆ ಎಲುಬಿನ ಆಸರೆಯೂ ಇರಲಿಲ್ಲ. ಒಳಗಿನ ಹಸಿ ಮೈ ಮಾಯುತ್ತ ಮಾಯುತ್ತ ಸಂಕೋಚಗೊಂಡು ಹೊಳ್ಳೆಗಳನ್ನು ಕಿರಿದಾಗಿಸುತ್ತಿತ್ತು. ಆಸರೆಯಿಲ್ಲದ ಚರ್ಮ ಕಾಲಕ್ರಮದಲ್ಲಿ ತಗ್ಗುತ್ತಿತ್ತು. ಮೂಗೆಂಬುದು ಮೂರು ಪದರಗಳ ರಚನೆ ಎಂಬ ಪಾಠವನ್ನು ಶಸ್ತ್ರವೈದ್ಯರು ಕಲಿತದ್ದು ಇಂತಹ ಮೂಗುಗಳಿಂದಲೇ. ಹೊರಗೆ ಚರ್ಮ, ಒಳಗೆ ಲೋಳೆಪೊರೆ, ನಡುವೆ ಚೌಕಟ್ಟು. ಆ ಚೌಕಟ್ಟಿನ ಮೇಲಿನ ಮೂರನೆಯ ಒಂದು ಭಾಗದಷ್ಟು ಮಾತ್ರ ಗಟ್ಟಿ ಎಲುಬು. ಕೆಳಗಿನದೆಲ್ಲ ಮೃದ್ವಸ್ಥಿ, ಕಿವಿಯನ್ನು ಮಡಿಸಿದಾಗ ಬಾಗಿ ಮತ್ತೆ ನೆಟ್ಟಗಾಗುವ ಜಾತಿಯ ವಸ್ತು. ಎರಡು ಹೊಳ್ಳೆಗಳ ನಡುವಿನ ಗೋಡೆಯಲ್ಲಿರುವ ಮೃದ್ವಸ್ಥಿಯೇ ಇಡೀ ಮೂಗಿನ ನಡುಗಂಬ. ಅದು ಕರಗಿದರೆ ಮೂಗಿನ ಬೆನ್ನು ಕುದುರೆಯ ಜೀನಿನ ಹಾಗೆ ತಗ್ಗಿಹೋಗುತ್ತದೆ.

ಈ ತಗ್ಗು ಬೀಳುವುದಕ್ಕೆ ಮಲಪ್ರಭೆಯ ನಮ್ಮ ಸೀಮೆಯಲ್ಲಿ ಕಾರಣಗಳು ಹಲವು. ರಾಮದುರ್ಗ, ಸವದತ್ತಿ, ಬೈಲಹೊಂಗಲಗಳ ಕಡೆ ಇಂದಿಗೂ ಜೀವಂತವಾಗಿರುವ ಕುಸ್ತಿಯ ಕಣದಲ್ಲಿ, ರಸ್ತೆಯ ಅಪಘಾತದಲ್ಲಿ, ದನದ ಕೊಂಬಿನ ತಿವಿತದಲ್ಲಿ ಮೂಗಿಗೆ ಪೆಟ್ಟು ಬಿದ್ದಾಗ ನಡುಗೋಡೆಯ ಮೃದ್ವಸ್ಥಿಗೂ ಅದನ್ನು ಹೊದ್ದ ಪೊರೆಗೂ ನಡುವೆ ರಕ್ತ ತುಂಬಿಕೊಳ್ಳುವುದುಂಟು. ಮೃದ್ವಸ್ಥಿಯಲ್ಲಿ ರಕ್ತನಾಳಗಳಿಲ್ಲ, ಅದಕ್ಕೆ ಆಹಾರ ಬರುವುದು ಆ ಪೊರೆಯಿಂದ ಒಸರುವ ರಸದಿಂದ. ಪೊರೆ ಸರಿದರೆ ಅದು ಹಸಿದು ಸಾಯುತ್ತದೆ, ಕೀವಾದರಂತೂ ಕೆಲವೇ ದಿನಗಳಲ್ಲಿ ಕರಗಿಬಿಡುತ್ತದೆ. ಪೆಟ್ಟು ಬಿದ್ದ ಮೇಲೆ ಎರಡೂ ಹೊಳ್ಳೆಗಳು ಕಟ್ಟಿಕೊಂಡು ಒಳಗೆ ಮೆತ್ತನೆಯ ಊತ ಕಂಡರೆ ಅಂದೇ ವೈದ್ಯರ ಬಳಿಗೆ ಹೋಗಿ ಆ ರಕ್ತವನ್ನು ತೆಗೆಸಿಕೊಳ್ಳತಕ್ಕದ್ದು. ಇಷ್ಟನ್ನು ಪ್ರತಿಯೊಂದು ಗರಡಿಯ ಉಸ್ತಾದರೂ ಪ್ರತಿಯೊಂದು ಶಾಲೆಯ ಗುರುಗಳೂ ತಿಳಿದಿದ್ದರೆ ಎಷ್ಟೋ ಮಕ್ಕಳಿಗೆ ಮುಂದೆ ಪಕ್ಕೆಲುಬು ತೆಗೆಯುವ ಪ್ರಸಂಗವೇ ಬರುವುದಿಲ್ಲ.

ಇನ್ನೊಂದು ಕಾರಣ ಕುಷ್ಠರೋಗ. ಈ ರೋಗದ ಅಣುಜೀವಿಗಳಿಗೆ ದೇಹದ ತಂಪಾದ ಭಾಗಗಳು ಪ್ರಿಯ. ಉಸಿರಾಡುವ ಗಾಳಿಯಿಂದ ಸದಾ ತಣ್ಣಗಿರುವ ಮೂಗಿನ ಒಳಮೈ ಅವುಗಳ ವಾಸಸ್ಥಾನ. ನಡುಗೋಡೆ ತೂತುಬಿದ್ದು, ಅದರ ಬುಡದ ಎಲುಬಿನ ಮೊನೆ ಸವೆದು, ಒಳಪೊರೆ ಗಾಯಗೊಂಡು ಕುಗ್ಗಿ, ಮೂಗು ಮುಖದೊಳಕ್ಕೆ ಸೆಳೆದುಕೊಳ್ಳುತ್ತದೆ. ಆದರೆ ಹೊರಗಿನ ಚರ್ಮ ಬಹುಮಟ್ಟಿಗೆ ಉಳಿದಿರುತ್ತದೆ. ಹುಬ್ಬಳ್ಳಿಯಲ್ಲಿ 1922ರಲ್ಲಿ ಜನಿಸಿ, ಇಂಗ್ಲೆಂಡಿನಲ್ಲಿ ಪ್ಲಾಸ್ಟಿಕ್ ಸರ್ಜರಿಯನ್ನು ಅಭ್ಯಾಸ ಮಾಡಿ, ಪುಣೆ ಮತ್ತು ಮುಂಬಯಿಗಳಲ್ಲಿ ಕುಷ್ಠರೋಗಿಗಳ ಸೇವೆಗೆ ತಮ್ಮ ವಿದ್ಯೆಯನ್ನು ಮುಡಿಪಿಟ್ಟ ಡಾಕ್ಟರ್ ನೋಶಿರ್ ಆಂಟಿಯಾ ಅವರ ಹೆಸರು ಇಲ್ಲಿ ವಿಶೇಷವಾಗಿ ಸ್ಮರಣಾರ್ಹ. ಸಿಫಿಲಿಸ್ ರೋಗದಿಂದ ಕುಸಿದ ಮೂಗುಗಳಿಗಾಗಿ ಶಸ್ತ್ರವೈದ್ಯ ಸರ್ ಹೆರಾಲ್ಡ್ ಗಿಲ್ಲಿಸ್ ರೂಪಿಸಿದ್ದ ವಿಧಾನವನ್ನು ಅವರು ಕುಷ್ಠರೋಗದ ಮೂಗುಗಳಿಗೆ ವ್ಯಾಪಕವಾಗಿ ಅನ್ವಯಿಸಿದರು. ಮೇಲ್ದುಟಿಯ ಒಳಗಿನಿಂದ ಕೊಯ್ದು, ಹೊರಚರ್ಮವನ್ನು ಕೆಳಗಿನ ಗಾಯದ ಬಂಧನದಿಂದ ಬಿಡಿಸಿ, ತೊಡೆಯಿಂದಲೋ ಮತ್ತೆಲ್ಲಿಂದಲೋ ತೆಗೆದ ತೆಳು ಚರ್ಮವನ್ನು ಅಚ್ಚೊಂದಕ್ಕೆ ಸುತ್ತಿ ಆ ಪೊಳ್ಳಿನಲ್ಲಿ ಇರಿಸುವುದು. ಆ ಚರ್ಮ ಅಂಟಿಕೊಂಡು ಹೊಸ ಒಳಪೊರೆಯಾದ ಬಳಿಕವೇ ಆಸರೆಯ ವಿಚಾರ. ಆ ಹಂತದಲ್ಲಿ ಕೆಲವರಿಗೆ ಸೊಂಟದ ಎಲುಬಿನ ಕಸಿಯನ್ನು ಇರಿಸಲಾಯಿತು, ಕೆಲವರಿಗೆ ಹಲ್ಲಿನ ಸೆಟ್ಟಿಗೆ ಜೋಡಿಸಿದ, ತೆಗೆದು ತೊಳೆದು ಹಾಕಿಕೊಳ್ಳಬಹುದಾದ ಆಸರೆಯನ್ನು ನೀಡಲಾಯಿತು. ಪೊರೆಯನ್ನು ಒದಗಿಸದೆ ಕುಗ್ಗಿದ ಮೂಗಿನೊಳಗೆ ಎಲುಬನ್ನೋ ಸಿಲಿಕೋನನ್ನೋ ತುರುಕಿದರೆ ಬಿಗಿದ ಚರ್ಮದ ಒತ್ತಡಕ್ಕೆ ಅದು ಕೆಲವು ತಿಂಗಳಲ್ಲಿ ಹೊರಬಿದ್ದೇ ತೀರುತ್ತದೆ. ದ್ರವ್ಯಕ್ಕಿಂತ ನೆಲೆ ಮೊದಲು ಎಂಬ ತತ್ತ್ವಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇರೊಂದಿಲ್ಲ.

ನೆಲೆ ಸಮರ್ಪಕವಾಗಿದ್ದಲ್ಲಿ ಮೊದಲ ಆಯ್ಕೆ ರೋಗಿಯ ಸ್ವಂತ ಮೃದ್ವಸ್ಥಿ. ರಕ್ತನಾಳಗಳಿಲ್ಲದೆ ಒಸರಿದ ರಸದ ಮೇಲೆಯೇ ಬದುಕುವ ಅದರ ಅಲ್ಪತೃಪ್ತ ಸ್ವಭಾವವೇ ಕಸಿಯ ಕೆಲಸಕ್ಕೆ ವರವಾಗಿದೆ: ಸ್ಥಳ ಬದಲಾದರೂ ಅದು ಸಾಯದೆ, ಹೆಚ್ಚು ಕರಗದೆ, ಸೋಂಕಿಗೆ ಸುಲಭವಾಗಿ ವಶವಾಗದೆ ದಶಕಗಳ ಕಾಲ ಉಳಿಯುತ್ತದೆ. ಅದನ್ನು ತೆಗೆಯಲು ಮೂರು ತಾಣಗಳಿವೆ. ನಡುಗೋಡೆಯದು ಸಮತಟ್ಟಾದ, ನೆಟ್ಟಗಿನ ತುಂಡು. ಅದೇ ಗಾಯದೊಳಗಿಂದ ದೊರೆಯುವುದರಿಂದ ಮತ್ತೊಂದು ಕಡೆ ಕೊಯ್ಯಬೇಕಾಗಿಲ್ಲ. ಆದರೆ ಮೂಗಿನ ಬೆನ್ನಿನ ಗುಂಟ ಮತ್ತು ಮುಂಭಾಗದ ಗುಂಟ ಕನಿಷ್ಠ 10 ಮಿಲಿಮೀಟರ್ ಅಗಲದ ಪಟ್ಟಿಯನ್ನು ಉಳಿಸಲೇಬೇಕು. ಆಸೆಬಿದ್ದು ಅದನ್ನೂ ಕತ್ತರಿಸಿದರೆ ಸರಿಪಡಿಸಲು ಹೋದ ಮೂಗೇ ಕುಸಿಯುತ್ತದೆ. ಕಿವಿಯ ಬಟ್ಟಲಿನ ಮೃದ್ವಸ್ಥಿ ಸ್ವಭಾವತಃ ಬಾಗಿದ್ದು ಮೆತ್ತಗಿರುತ್ತದೆ. ಭಾರ ಹೊರುವ ಕಂಬವಾಗಿ ಅದು ಸಲ್ಲದಿದ್ದರೂ ಹೊಳ್ಳೆಯ ಕಮಾನಿಗೆ, ಮೂಗಿನ ತುದಿಯ ದುಂಡಿಗೆ ಅದಕ್ಕೆ ಸಮಾನವಾದುದಿಲ್ಲ. ಹೊಳ್ಳೆಯ ಅಂಚೇ ಸೀಳಿ ಕಳೆದುಹೋಗಿದ್ದರೆ, ಕಿವಿಯ ಅಂಚಿನಿಂದ ಚರ್ಮಸಹಿತ ಮೃದ್ವಸ್ಥಿಯ ಸಣ್ಣ ತುಂಡೊಂದನ್ನು ತಂದು ಹೊಲಿಯುವುದುಂಟು. ಅದು ಬದುಕಬೇಕಾದರೆ ಸುಮಾರು ಒಂದು ಸೆಂಟಿಮೀಟರಿಗಿಂತ ದೊಡ್ಡದಾಗಿರಬಾರದು, ಏಕೆಂದರೆ ಅಂಚುಗಳಿಂದ ಒಳಬರುವ ರಕ್ತ ಅದಕ್ಕಿಂತ ದೂರ ತಲುಪಲಾರದು.

ಹೆಚ್ಚು ದ್ರವ್ಯ ಬೇಕಾದಾಗ, ಅಂದರೆ ನಡುಗಂಬವೇ ಕರಗಿದ ಮೂಗಿಗೆ ಅಥವಾ ಎರಡು ಮೂರು ಬಾರಿ ಕೊಯ್ಯಿಸಿಕೊಂಡು ಬಂದ ಮೂಗಿಗೆ, ಶಸ್ತ್ರವೈದ್ಯರು ಎದೆಯ ಪಕ್ಕೆಲುಬಿನ ಕಡೆಗೆ ತಿರುಗುತ್ತಾರೆ. ಸಾಮಾನ್ಯವಾಗಿ ಆರನೆಯ ಅಥವಾ ಏಳನೆಯ ಪಕ್ಕೆಲುಬಿನ ಮುಂದುಗಡೆಯ ಮೃದ್ವಸ್ಥಿಯನ್ನು ಸಣ್ಣ ಕೊಯ್ತದ ಮೂಲಕ ತೆಗೆಯುತ್ತಾರೆ. ಸ್ತ್ರೀಯರಲ್ಲಿ ಸ್ತನದ ಕೆಳಗಿನ ಮಡಿಕೆಯಲ್ಲಿ ಗಾಯದ ಕಲೆ ಮರೆಯಾಗುತ್ತದೆ. ಅದರ ಹಿಂದೆಯೇ ಶ್ವಾಸಕೋಶದ ಪೊರೆಯಿರುವುದರಿಂದ ಗಾಯದಲ್ಲಿ ಲವಣಜಲವನ್ನು ತುಂಬಿ, ಅರಿವಳಿಕೆಯ ವೈದ್ಯರಿಂದ ಶ್ವಾಸಕೋಶವನ್ನು ಉಬ್ಬಿಸಿ, ಗುಳ್ಳೆ ಏಳುವುದೋ ಎಂದು ಪರೀಕ್ಷಿಸಿದ ಮೇಲೆಯೇ ಹೊಲಿಗೆ ಹಾಕುವುದು ಕ್ರಮ. ಪಕ್ಕೆಲುಬಿನ ನಿಜವಾದ ದೋಷ ಬಾಗುವಿಕೆ. ಅದರ ಹೊರಪದರ ಸದಾ ಎಳೆತದಲ್ಲಿರುತ್ತದೆ. ಸುತ್ತಲೂ ಸಮವಾಗಿರುವ ತನಕ ಎಳೆತಗಳು ಪರಸ್ಪರ ಸರಿತೂಗಿ ತುಂಡು ನೆಟ್ಟಗಿರುತ್ತದೆ, ಒಂದು ಮಗ್ಗುಲನ್ನು ಮಾತ್ರ ಕೆತ್ತಿದರೆ ಉಳಿದ ಮಗ್ಗುಲಿನ ಕಡೆಗೆ ಅದು ಬಾಗುತ್ತದೆ. 1958ರಲ್ಲಿ ಗಿಬ್ಸನ್ ಮತ್ತು ಡೇವಿಸ್ ಎಂಬ ವೈದ್ಯರು ಈ ಕಾರಣವನ್ನು ವಿವರಿಸಿ, ತುಂಡಿನ ನಟ್ಟನಡುವಿನ ತಿರುಳಿನಿಂದ ಎಲ್ಲ ಮಗ್ಗುಲನ್ನೂ ಸಮವಾಗಿ ಕೆತ್ತಿ ತೆಗೆದ ಕಸಿ ಬಾಗದೆಂದು ತೋರಿಸಿದರು. ಕೆತ್ತಿದ ತುಂಡನ್ನು ಒಂದಷ್ಟು ಹೊತ್ತು ಲವಣಜಲದಲ್ಲಿ ಬಿಟ್ಟು ಅದರ ನಡತೆಯನ್ನು ನೋಡಿ ಆಮೇಲೆ ಕೂರಿಸುವ ತಾಳ್ಮೆ ಒಳ್ಳೆಯ ಶಸ್ತ್ರವೈದ್ಯನ ಲಕ್ಷಣ. ವಯಸ್ಸೂ ಇಲ್ಲಿ ಎಣಿಕೆಗೆ ಬರುತ್ತದೆ: ಎಳೆಯರ ಪಕ್ಕೆಲುಬು ಹೆಚ್ಚು ಬಾಗುತ್ತದೆ, ಐವತ್ತು ದಾಟಿದವರಲ್ಲಿ ಅನೇಕರದು ಸುಣ್ಣಗಟ್ಟಿ ಕತ್ತಿಗೆ ಒಡೆದು ಚೂರಾಗುತ್ತದೆ. ಹಾಗೆ ಚೂರಾಗುವುದನ್ನೇ ಉಪಾಯವಾಗಿ ಮಾಡಿಕೊಂಡು, ಮೃದ್ವಸ್ಥಿಯನ್ನು ಸಣ್ಣಗೆ ಕೊಚ್ಚಿ, ಕಿವಿಯ ಮೇಲ್ಗಡೆ ಕೂದಲೊಳಗಿಂದ ತೆಗೆದ ತಂತುಪೊರೆಯ ಚೀಲದಲ್ಲಿ ತುಂಬಿ ಮೂಗಿನ ಬೆನ್ನಿಗಿಡುವ ಪದ್ಧತಿ ಈ ಶತಮಾನದಲ್ಲಿ ಪ್ರಚಾರಕ್ಕೆ ಬಂದಿದೆ. ಅದು ಬಾಗುವುದಿಲ್ಲ, ತೆಳು ಚರ್ಮದ ಕೆಳಗೆ ಅಂಚು ಮೂಡಿಸುವುದಿಲ್ಲ, ಆದರೆ ಭಾರವನ್ನೂ ಹೊರುವುದಿಲ್ಲ.

ಎಲುಬಿನ ಕಸಿಯ ವಿಚಾರ ಸಂಕ್ಷೇಪದಲ್ಲಿ ಮುಗಿಯುತ್ತದೆ. ಬರ್ಲಿನ್ನಿನ ಜೇಮ್ಸ್ ಇಸ್ರೇಲ್ 1896ರಲ್ಲಿ ಮೊಣಕಾಲ ಕೆಳಗಿನ ಎಲುಬಿನ ಚೂರನ್ನು ಕುಸಿದ ಮೂಗಿಗೆ ಬಳಸಿದರು. ಸೊಂಟದ ಮತ್ತು ತಲೆಬುರುಡೆಯ ಎಲುಬುಗಳೂ ಬಳಕೆಗೆ ಬಂದವು. ಮೂಗಿನ ಮೂಲ ಎಲುಬಿನೊಂದಿಗೆ ಬೆಸೆದುಕೊಂಡರೆ ಅದು ಸ್ಥಿರ, ಇಲ್ಲವಾದರೆ ಸವೆಯುತ್ತದೆ. ತುದಿಯವರೆಗೆ ಚಾಚಿದರಂತೂ ಮೂಗು ಕೊರಡಿನಂತೆ ಬಿಗಿಯಾಗುತ್ತದೆ. ದಾನಿಯ ಪಕ್ಕೆಲುಬನ್ನು ವಿಕಿರಣದಿಂದ ಶುದ್ಧಗೊಳಿಸಿ ಬಳಸುವುದರಿಂದ ರೋಗಿಯ ಎದೆಯ ಗಾಯ ತಪ್ಪುತ್ತದೆ. ಆದರೆ ಜೀವಕೋಶಗಳು ಸತ್ತ ಆ ದ್ರವ್ಯ ವರ್ಷಗಳು ಕಳೆದಂತೆ ಎಷ್ಟು ಕರಗೀತೆಂಬ ವಿಷಯದಲ್ಲಿ ವೈದ್ಯರಲ್ಲೇ ಒಮ್ಮತವಿಲ್ಲ.

ಹೊರಗಿನ ದ್ರವ್ಯಗಳ ಚರಿತ್ರೆ ಉತ್ಸಾಹ ಮತ್ತು ಪಶ್ಚಾತ್ತಾಪಗಳ ಚರಿತ್ರೆ. ನ್ಯೂಯಾರ್ಕಿನ ರಾಬರ್ಟ್ ವಿಯರ್ 1892ರಲ್ಲಿ ಬಾತುಕೋಳಿಯ ಎದೆಯೆಲುಬನ್ನು ಇರಿಸಿ ನೋಡಿದರು. ವಿಯೆನ್ನಾದ ಗೆರ್ಸುನಿ 1900ರ ಸುಮಾರಿಗೆ ಕರಗಿಸಿದ ವ್ಯಾಸಲೀನನ್ನು ಸೂಜಿಯಿಂದ ಚುಚ್ಚುವ ಉಪಾಯವನ್ನು ಪ್ರಚಾರಕ್ಕೆ ತಂದರು; ಅದೂ ಅದರ ಹಿಂದೆ ಬಂದ ಪ್ಯಾರಫಿನ್ ಮೇಣವೂ ಇರಿಸಿದಲ್ಲಿ ನಿಲ್ಲದೆ ಹರಿದಾಡಿ ಗಂಟುಗಟ್ಟಿದವು, ರಕ್ತನಾಳವನ್ನು ಹೊಕ್ಕು ಕೆಲವರ ಕಣ್ಣನ್ನೇ ಕಳೆದವು. ಬರ್ಲಿನ್ನಿನ ಜಾಕ್ ಜೋಸೆಫ್ ಆನೆಯ ದಂತವನ್ನು ಕೆತ್ತಿ ಬಳಸಿದರು. ಇಂದು ಕೆಲವು ಸೌಂದರ್ಯ ಚಿಕಿತ್ಸಾಲಯಗಳಲ್ಲಿ ‘ಕತ್ತಿಯಿಲ್ಲದ ಮೂಗಿನ ಚಿಕಿತ್ಸೆ’ ಎಂಬ ಹೆಸರಿನಲ್ಲಿ ಚುಚ್ಚುವ ಫಿಲ್ಲರುಗಳು ಪ್ಯಾರಫಿನ್ನಿನಷ್ಟು ಕೆಟ್ಟವಲ್ಲವಾದರೂ, ರಕ್ತನಾಳದೊಳಗೆ ಸೇರಿದರೆ ಚರ್ಮ ಕೊಳೆಯುವ ಮತ್ತು ದೃಷ್ಟಿ ಹೋಗುವ ಅಪಾಯ ಅವುಗಳಲ್ಲಿಯೂ ಇದ್ದೇ ಇದೆ. ಇದನ್ನು ರೋಗಿಗೆ ಮುಂಚೆಯೇ ತಿಳಿಸದಿರುವುದು ದೊಡ್ಡ ಅಪರಾಧ.

ಈಗ ಬಳಕೆಯಲ್ಲಿರುವ ಇಂಪ್ಲಾಂಟುಗಳಲ್ಲಿ ಸಿಲಿಕೋನ್, ಗೋರ್‌ಟೆಕ್ಸ್ ಮತ್ತು ರಂಧ್ರಮಯ ಪಾಲಿಎಥಿಲೀನ್ ಮುಖ್ಯವಾದವು. ಇವುಗಳ ಭೇದವೆಲ್ಲ ರಂಧ್ರಗಳ ಗಾತ್ರದಲ್ಲಿ ಅಡಗಿದೆ. ಸಿಲಿಕೋನಿನಲ್ಲಿ ರಂಧ್ರಗಳೇ ಇಲ್ಲ. ದೇಹ ಅದರ ಸುತ್ತ ನಾರಿನ ಚೀಲವೊಂದನ್ನು ಕಟ್ಟಿ ಪರಕೀಯವಾಗಿಯೇ ಇರಿಸಿಕೊಳ್ಳುತ್ತದೆ. ಆದ್ದರಿಂದ ಅದು ಸರಿಯುವುದುಂಟು, ಬೇಡವಾದರೆ ತೆಗೆಯುವುದೂ ಸುಲಭ. ಗೋರ್‌ಟೆಕ್ಸಿನ ರಂಧ್ರಗಳು ಸರಾಸರಿ 20 ಮೈಕ್ರಾನ್ ಆಸುಪಾಸಿನವು. ಅಲ್ಪಸ್ವಲ್ಪ ಅಂಗಾಂಶ ಒಳಸೇರಿ ಅದನ್ನು ನಿಲ್ಲಿಸುತ್ತದೆ. ಪಾಲಿಎಥಿಲೀನಿನ ರಂಧ್ರಗಳು ನೂರು ಮೈಕ್ರಾನಿಗೂ ಮಿಕ್ಕಿರುವುದರಿಂದ ರಕ್ತನಾಳಗಳೇ ಒಳಹೊಕ್ಕು ಅದು ದೇಹದೊಡನೆ ಹೆಣೆದುಕೊಳ್ಳುತ್ತದೆ. ಆದರೆ ಸೋಂಕಾಗಿ ತೆಗೆಯಬೇಕಾಗಿ ಬಂದಾಗ ಸುತ್ತಲಿನ ಮಾಂಸವನ್ನೂ ಹರಿದು ತೆಗೆಯಬೇಕಾಗುತ್ತದೆ. ಒಂದು ಮೈಕ್ರಾನ್ ಗಾತ್ರದ ರೋಗಾಣುವಿಗೆ ಸಣ್ಣ ರಂಧ್ರವೂ ಮನೆಯೇ ಆಗಬಲ್ಲದು; ಅದನ್ನು ಬೆನ್ನಟ್ಟಬೇಕಾದ ದೇಹದ ರಕ್ಷಕಕೋಶಗಳು ಗಾತ್ರದಲ್ಲಿ ಬಹಳ ದೊಡ್ಡವಾದುದರಿಂದ ಇಕ್ಕಟ್ಟಿನ ಹಾದಿಯಲ್ಲಿ ಹಿಂದುಳಿಯುತ್ತವೆ.

ಪೂರ್ವ ಏಷ್ಯದ ದೇಶಗಳಲ್ಲಿ ಮೂಗಿನ ಬೆನ್ನನ್ನು ಎತ್ತರಿಸಲು ಸಿಲಿಕೋನನ್ನು ಬಹುವಾಗಿ ಬಳಸುತ್ತಾರೆ. ಅಲ್ಲಿನ ದಪ್ಪ ಚರ್ಮ ಅದಕ್ಕೆ ಅನುಕೂಲ. ಅಲ್ಲಿಯೂ ಅನುಭವ ಕಲಿಸಿದ ಪಾಠವೆಂದರೆ, ಬೆನ್ನಿನಿಂದ ತುದಿಗೆ ಬಾಗಿ ಇಳಿಯುವ ಒಂದೇ ತುಂಡು ಸದಾ ಅಲುಗುವ ತುದಿಯ ಚರ್ಮವನ್ನು ಒಳಗಿನಿಂದ ಒತ್ತಿ ತೆಳುವಾಗಿಸಿ ಹೊರಬರುತ್ತದೆ. ಆದ್ದರಿಂದ ಬೆನ್ನಿಗೆ ಇಂಪ್ಲಾಂಟನ್ನೂ ತುದಿಗೆ ಕಿವಿಯ ಅಥವಾ ನಡುಗೋಡೆಯ ಮೃದ್ವಸ್ಥಿಯನ್ನೂ ಬಳಸುವ ಪದ್ಧತಿ ಬೆಳೆದಿದೆ. ಗಾಯಗೊಂಡು ಕಲೆಗಟ್ಟಿದ, ಹಲವು ಬಾರಿ ಕೊಯ್ದ, ಒಳಪೊರೆ ಹರಿದ ಮೂಗಿಗೆ ಇಂಪ್ಲಾಂಟು ಸಲ್ಲದೆಂಬುದೇ ಈ ಲೇಖಕನ ಖಚಿತವಾದ ಅಭಿಪ್ರಾಯ. ನಮ್ಮ ಸೀಮೆಯಲ್ಲಿ ಆಸ್ಪತ್ರೆಗೆ ಬರುವ ಕುಸಿದ ಮೂಗುಗಳಲ್ಲಿ ಪೆಟ್ಟಿನ ಮತ್ತು ವ್ಯಾಧಿಯ ಮೂಗುಗಳಿಗೆ ಈ ಮಾತು ಪೂರ್ತಿಯಾಗಿ ಅನ್ವಯಿಸುತ್ತದೆ. ಪಕ್ಕೆಲುಬು ತೆಗೆಯುವ ನೋವನ್ನು ತಪ್ಪಿಸಿ ಒಂದು ಗಂಟೆಯನ್ನು ಉಳಿಸುವ ಇಂಪ್ಲಾಂಟು ಹತ್ತು ವರ್ಷಗಳ ಬಳಿಕ ಹೊರಬಂದಾಗ, ಮೊದಲಿಗಿಂತ ಕೆಟ್ಟ ನೆಲೆಯನ್ನು ಉಳಿಸಿ ಹೋಗುತ್ತದೆ.

ಸೀಳುತುಟಿಯೊಡನೆ ಹುಟ್ಟಿದ ಮಕ್ಕಳ ಮೂಗಿನ ವಿಷಯದಲ್ಲಿ ಕಾಲನಿರ್ಣಯವೇ ಮುಖ್ಯ. ತುಟಿಯನ್ನು ಕೂಡಿಸುವಾಗಲೇ ಮೂಗಿನ ಬುಡವನ್ನು ಸರಿಪಡಿಸಿದರೂ, ನಡುಗೋಡೆಯನ್ನು ಕತ್ತರಿಸಿ ಕಸಿಯಿಡುವ ಕೊನೆಯ ಶಸ್ತ್ರಕ್ರಿಯೆಯನ್ನು ಮುಖದ ಬೆಳವಣಿಗೆ ಮುಗಿಯುವ ತನಕ, ಎಂದರೆ ಹುಡುಗಿಯರಲ್ಲಿ 16, ಹುಡುಗರಲ್ಲಿ 17–18 ವರ್ಷಗಳವರೆಗೆ ತಡೆಯುವುದು ರೂಢಿ. ಬೆಳೆಯುವ ನಡುಗೋಡೆಯನ್ನು ಕೆದಕಿದರೆ ಮುಖದ ಮಧ್ಯಭಾಗವೇ ಕುಂಠಿತವಾಗಬಹುದು. ರಾಮದುರ್ಗದ ಕಡೆಯ ಕಟಕೋಳದಂತಹ ಊರಿನಿಂದ ಹೊರಟವರಿಗೆ ಇಂತಹ ಚಿಕಿತ್ಸೆಯ ದಾರಿ ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳ ಕಡೆಗಿದೆ. ಹುಬ್ಬಳ್ಳಿಯ ಕರ್ನಾಟಕ ವೈದ್ಯಕೀಯ ಮಹಾವಿದ್ಯಾಲಯ 1957ರಲ್ಲಿಯೂ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯ 1963ರಲ್ಲಿಯೂ ಆರಂಭವಾದವು; ಧಾರವಾಡದ ಎಸ್‌ಡಿಎಂ ದಂತವೈದ್ಯಕೀಯ ಮಹಾವಿದ್ಯಾಲಯದಲ್ಲಿ ಸೀಳುತುಟಿ ಮತ್ತು ಮುಖವಿಕಾರಗಳ ಚಿಕಿತ್ಸೆಗೆ ಪ್ರತ್ಯೇಕ ವಿಭಾಗವಿದೆ.

ಪ್ರಯೋಗಾಲಯದಲ್ಲಿ ಮೃದ್ವಸ್ಥಿಯನ್ನು ಬೆಳೆಸುವ ಯತ್ನಗಳೂ ನಡೆದಿವೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ವೈದ್ಯರು ಐದು ಮಂದಿ ರೋಗಿಗಳ ನಡುಗೋಡೆಯಿಂದ ತೆಗೆದ ಕೋಶಗಳನ್ನು ಬೆಳೆಸಿ, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಕಳೆದುಹೋಗಿದ್ದ ಹೊಳ್ಳೆಯ ಭಾಗವನ್ನು ಕಟ್ಟಿಕೊಟ್ಟ ಸಂಗತಿಯನ್ನು 2014ರಲ್ಲಿ ಪ್ರಕಟಿಸಿದರು.

ಶಸ್ತ್ರಕ್ರಿಯೆಗೆ ಒಪ್ಪುವ ಮುನ್ನ ರೋಗಿಯೂ ಮನೆಯವರೂ ವೈದ್ಯರಲ್ಲಿ ವಿಚಾರಿಸಬೇಕಾದ ಸಂಗತಿಗಳಿವೆ: ಒಳಗಿಡುವ ದ್ರವ್ಯ ಯಾವುದು, ಅದನ್ನೇ ಆರಿಸಿದ್ದೇಕೆ, ಎದೆಯಿಂದಾದರೆ ಗಾಯ ಎಲ್ಲಿ, ಇಂಪ್ಲಾಂಟಾದರೆ ಮುಂದೆ ತೆಗೆಯಬೇಕಾದೀತೇ, ಆಗ ಉಳಿಯುವ ಮಾರ್ಗವೇನು. ಊತ ಪೂರ್ತಿಯಾಗಿ ಇಳಿದು ಮೂಗು ತನ್ನ ನಿಜವಾದ ಆಕಾರಕ್ಕೆ ಬರಲು ಒಂದು ವರ್ಷವೇ ಹಿಡಿಯುತ್ತದೆ. ಮೊದಲ ತಿಂಗಳ ಕನ್ನಡಿಯನ್ನು ನೋಡಿ ಮತ್ತೊಂದು ಶಸ್ತ್ರಕ್ರಿಯೆಗೆ ಆತುರಪಡುವುದು ಸಲ್ಲದು. ಇಂಪ್ಲಾಂಟಿನ ಪೊಟ್ಟಣದ ಮೇಲೆ ಅದರ ಹೆಸರು, ಅಳತೆ ಮತ್ತು ತಯಾರಿಕೆಯ ಸಂಖ್ಯೆಯನ್ನು ಮುದ್ರಿಸಿದ ಚೀಟಿಯಿರುತ್ತದೆ. ಆ ಚೀಟಿಯ ಒಂದು ಪ್ರತಿಯನ್ನು ಬಿಡುಗಡೆಯ ಪತ್ರಕ್ಕೆ ಅಂಟಿಸಿಕೊಡುವಂತೆ ಕೇಳಿ ಪಡೆದು ಮನೆಯಲ್ಲಿ ಕಾಪಾಡಿಕೊಳ್ಳಬೇಕು. ಹತ್ತು ಹದಿನೈದು ವರ್ಷಗಳ ಅನಂತರ ಮೂಗು ಕೆಂಪಾಗಿ ಬಾತು ಬೇರೊಂದು ಊರಿನ ವೈದ್ಯರ ಮುಂದೆ ಕುಳಿತಾಗ, ಒಳಗಿರುವುದು ಸಿಲಿಕೋನೋ ಪಾಲಿಎಥಿಲೀನೋ ಸ್ವಂತ ಪಕ್ಕೆಲುಬೋ ಎಂಬುದರ ಮೇಲೆಯೇ ಔಷಧದಿಂದ ಕಾಯಬೇಕೋ ಕೂಡಲೇ ತೆಗೆಯಬೇಕೋ ಎಂಬ ನಿರ್ಧಾರ ನಿಂತಿರುತ್ತದೆ.